ರಾತ್ರಿ ಎಣಿಸಿ, ಊರು ಕಳೆಯಿರಿ: ಮಲೆನಾಡಿನಿಂದ ವಿದೇಶ ಪ್ರವಾಸ ಹೊರಡುವವರು ದಿನ ಹಂಚಿಕೊಳ್ಳುವ ಕ್ರಮ

ಮದುವೆ ಕರೆಯಲು ಹೊರಟವರು ಒಂದೇ ದಿನಕ್ಕೆ ಇಪ್ಪತ್ತು ಮನೆ ಇಟ್ಟುಕೊಂಡರೆ ಏನಾಗುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಜಗಲಿಯಲ್ಲಿ ಕೂರುವಷ್ಟರಲ್ಲಿ ಏಳಬೇಕು. ಕಾಫಿ ಎಲ್ಲ ಮನೆಯಲ್ಲೂ ಕುಡಿದಿರುತ್ತೇವೆ, ಮಾತು ಯಾರ ಜೊತೆಗೂ ಆಗಿರುವುದಿಲ್ಲ. ಹದಿನೈದು ದಿನಕ್ಕೆ ಏಳು ಊರು ತುಂಬಿದ ವಿದೇಶ ಪ್ರವಾಸದಲ್ಲೂ ಆಗುವುದು ಇದೇ. ವರ್ಷಗಟ್ಟಲೆ ಕೂಡಿಟ್ಟ ದುಡ್ಡು, ಕಷ್ಟಪಟ್ಟು ಹೊಂದಿಸಿಕೊಂಡ ರಜೆ ಎರಡೂ ರೈಲ್ವೆ ಸ್ಟೇಷನ್ನು, ಹೋಟೆಲ್ ಕೌಂಟರು, ಸೂಟ್‌ಕೇಸುಗಳ ನಡುವೆ ಕರಗುತ್ತವೆ. ಹಾಗಾಗದಂತೆ ದಿನ ಹಂಚಿಕೊಳ್ಳುವುದಕ್ಕೆ ಒಂದು ಸರಳ ಲೆಕ್ಕವಿದೆ. ಅದನ್ನು ವಿವರಿಸಲು ಒಂದೇ ಉದಾಹರಣೆಯನ್ನು ಕೊನೆಯವರೆಗೆ ಹಿಡಿದು ಹೋಗೋಣ: ಶಿವಮೊಗ್ಗದಿಂದ ಹೊರಟು ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ ನೋಡಿ ಬರುವ ಕುಟುಂಬ. ಎರಡು ವಾರ ಕೆಲಸಕ್ಕೆ ರಜೆ (ಸೋಮವಾರದಿಂದ ಶುಕ್ರವಾರ, 10 ದಿನ), ಜೊತೆಗೆ ಮೂರು ಶನಿವಾರ-ಭಾನುವಾರ ಸೇರಿ ಒಟ್ಟು 16 ದಿನ.

ತೋಟದ ಕೆಲಸ ನೋಡಿ ತಿಂಗಳು ಗೊತ್ತುಮಾಡಿ

ಅಡಿಕೆ ತೋಟವಿರುವ ಮನೆಯವರು ವರ್ಷದ ಎಲ್ಲ ತಿಂಗಳೂ ಹೊರಡಲಾರರು. ಅಕ್ಟೋಬರ್ ಕೊನೆಯಿಂದ ಫೆಬ್ರವರಿಯ ತನಕ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು), ಸುಲಿತ, ಬೇಯಿಸುವುದು, ಒಣಗಿಸುವುದು. ಮುಂಗಾರು ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, 40–45 ದಿನ ಬಿಟ್ಟು ಮತ್ತೊಂದು ಸಲ. ಮರ ಹತ್ತುವ ಕೊನೆಗಾರ ಸಿಕ್ಕ ದಿನವೇ ಮನೆಯ ಯಜಮಾನರು ಪರದೇಶದಲ್ಲಿದ್ದರೆ ಆ ವರ್ಷದ ಫಸಲಿಗೇ ಪೆಟ್ಟು. ಮಕ್ಕಳ ಶಾಲೆಯ ರಜೆಯನ್ನೂ ಸೇರಿಸಿ ನೋಡಿದರೆ ಹೆಚ್ಚಿನವರಿಗೆ ಉಳಿಯುವುದು ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗಿನ ಒಂದು ತಿಂಗಳು. ಆಗ ತೋಟಕ್ಕೆ ನೀರು ಬಿಡುವವರೊಬ್ಬರು ಗಟ್ಟಿಯಾಗಿದ್ದರೆ ಸಾಕು.

ಯೂರೋಪಿಗೆ ಇದು ಒಳ್ಳೆಯ ಕಾಲ. ಮೇ ಮೊದಲ ವಾರದಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಸುಮಾರಿಗೆ. ಹಗಲು ಹೆಚ್ಚುಕಡಿಮೆ 15 ಗಂಟೆ. ಡಿಸೆಂಬರಿನಲ್ಲಿ ಅದೇ ಊರಿನ ಹಗಲು 8 ಗಂಟೆ ಚಿಲ್ಲರೆ, ಸಂಜೆ ಐದಕ್ಕೆ ಕತ್ತಲು. ಅಂದರೆ ಹತ್ತು ದಿನದ ಮೇ ಪ್ರವಾಸಕ್ಕೆ ಸಿಗುವ ಬೆಳಕು ಡಿಸೆಂಬರಿನ ಹತ್ತು ದಿನಕ್ಕೆ ಸಿಗುವುದಿಲ್ಲ. ರಜೆ ಕಡಿಮೆ ಇದ್ದವರು ಮೊದಲು ಇದನ್ನೇ ತೂಗಬೇಕು.

ಇದೇ ತಿಂಗಳಲ್ಲಿ ಕೆಲವು ದೇಶಗಳ ಸ್ವಂತ ಹಬ್ಬಗಳು ಬರುತ್ತವೆ. ಏಪ್ರಿಲ್ 13ರಿಂದ 15ರವರೆಗೆ ಥಾಯ್ಲೆಂಡಿನ ಸೊಂಗ್‌ಕ್ರಾನ್, ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿನ ಗೋಲ್ಡನ್ ವೀಕ್, ಏಪ್ರಿಲ್ 30 ಮತ್ತು ಮೇ 1 ವಿಯೆಟ್ನಾಂನ ಸಾಲುರಜೆ. ಆಗ ಅಲ್ಲಿನ ಜನರೇ ಊರಿಗೆ ಹೊರಟಿರುತ್ತಾರೆ. ರೈಲಿನಲ್ಲಿ ಜಾಗವಿರುವುದಿಲ್ಲ, ರೂಮಿನ ಬಾಡಿಗೆ ಏರಿರುತ್ತದೆ. ಯೂರೋಪಿನಲ್ಲಿ ಮೇ 1 ಕಾರ್ಮಿಕರ ದಿನ. ಪ್ಯಾರಿಸ್‌ನ ಲೂವ್ರ್, ರೋಮ್‌ನ ವ್ಯಾಟಿಕನ್ ಮ್ಯೂಸಿಯಂ ಎರಡೂ ಅವತ್ತು ಬಾಗಿಲು ತೆರೆಯುವುದಿಲ್ಲ.

16 ದಿನ ಎಂದರೆ ಎಷ್ಟು ದಿನ?

ಗಲ್ಫ್ ಮೇಲೆ ಯೂರೋಪಿಗೆ ಒಯ್ಯುವ ಅನೇಕ ವಿಮಾನಗಳು ಬೆಂಗಳೂರಿನಿಂದ ಹೊರಡುವುದು ನಸುಕಿನಲ್ಲಿ. ಟಿಕೆಟ್‌ನಲ್ಲಿ "ಭಾನುವಾರ 4:00" ಎಂದಿದ್ದರೆ ನೀವು ಮನೆ ಬಿಡಬೇಕಾದದ್ದು ಶನಿವಾರ. ಇದನ್ನು ಭಾನುವಾರ ರಾತ್ರಿಯ ವಿಮಾನವೆಂದು ಓದಿಕೊಂಡು, ವಿಮಾನ ಹೋಗಿ ಇಪ್ಪತ್ತು ಗಂಟೆಯಾದ ಮೇಲೆ ನಿಲ್ದಾಣಕ್ಕೆ ಬರುವವರಿದ್ದಾರೆ. ಟಿಕೆಟ್ ಕೈಗೆ ಬಂದ ಕೂಡಲೇ ಕ್ಯಾಲೆಂಡರಿನಲ್ಲಿ ವಿಮಾನದ ದಿನವನ್ನಲ್ಲ, ಮನೆ ಬಿಡುವ ದಿನವನ್ನು ಗುರುತು ಮಾಡಿ.

ಶಿವಮೊಗ್ಗದಿಂದ ದೇವನಹಳ್ಳಿಗೆ ಸುಮಾರು 300 ಕಿಲೋಮೀಟರ್. ಕಡೂರು, ಅರಸೀಕೆರೆ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರು ನಗರದ ದಟ್ಟಣೆ ತಪ್ಪುತ್ತದೆ. ಊಟ-ಕಾಫಿ ಸೇರಿ ಏಳು ಗಂಟೆ ಇಟ್ಟುಕೊಳ್ಳಿ. ಸಾಗರ ಅಥವಾ ತೀರ್ಥಹಳ್ಳಿಯಿಂದ ಹೊರಡುವವರು ಇನ್ನೂ ಒಂದೂವರೆ ಗಂಟೆ ಸೇರಿಸಬೇಕು. ವಿಮಾನಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕಲ್ಲ. ಹಾಗಾಗಿ ನಸುಕಿನ ನಾಲ್ಕರ ವಿಮಾನಕ್ಕೆ ಶಿವಮೊಗ್ಗವನ್ನು ಸಂಜೆ ಆರಕ್ಕೆ ಬಿಟ್ಟರೆ ಬರೀ ಸರಿಹೋಯಿತು ಅಷ್ಟೆ, ಟೈರ್ ಪಂಕ್ಚರಿಗೂ ಸಮಯವಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಹೊರಡಿ. ರಾತ್ರಿ ವಿಮಾನವಾದರೆ ಬೆಳಗಿನ ಜನಶತಾಬ್ದಿ ರೈಲು ಅನುಕೂಲ, ಮಧ್ಯಾಹ್ನದೊಳಗೆ ಬೆಂಗಳೂರಿನಲ್ಲಿರುತ್ತೀರಿ.

ಶಿವಮೊಗ್ಗದ ಸೋಗಾನೆಯ ನಮ್ಮ ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿಗೆ ಹಾರಾಟ ಶುರುವಾದ ಮೇಲೆ ಅದನ್ನೇ ಹಿಡಿಯೋಣ ಎನಿಸುವುದು ಸಹಜ. ಹಿಡಿಯಬಹುದು, ಆದರೆ ಆ ಹಾರಾಟವೂ ವಿದೇಶದ ಹಾರಾಟವೂ ಒಂದೇ ಟಿಕೆಟ್‌ನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇರಬೇಕು. ಬೇರೆ ಬೇರೆ ಕೊಂಡಿದ್ದರೆ, ಮಂಜು ಅಥವಾ ಮೋಡಕ್ಕೆ ಇಲ್ಲಿನ ವಿಮಾನ ನಿಂತುಹೋದಾಗ ಮುಂದಿನ ಕಂಪನಿ ನಿಮಗಾಗಿ ಕಾಯುವುದೂ ಇಲ್ಲ, ದುಡ್ಡು ಹಿಂತಿರುಗಿಸುವುದೂ ಇಲ್ಲ. ಬೇರೆ ಟಿಕೆಟೇ ಗತಿಯಾದರೆ ಹಿಂದಿನ ದಿನವೇ ಹೋಗಿ ದೇವನಹಳ್ಳಿ ಹತ್ತಿರ ಉಳಿಯಿರಿ. ಬೆಂಗಳೂರಿನಲ್ಲಿ ವಿದೇಶದ ಹಾರಾಟಗಳೆಲ್ಲ 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿವೆ. ಒಳನಾಡಿನ ವಿಮಾನ ಒಂದನೇ ಟರ್ಮಿನಲ್‌ನಲ್ಲಿ ಇಳಿಸಿದರೆ ಸಾಮಾನು ಹಿಡಿದು ಅತ್ತ ಹೋಗಲು ಇನ್ನೂ ಮುಕ್ಕಾಲು ಗಂಟೆ ಬೇಕು.

ಈಗ ಎಣಿಸಿ. ಶನಿವಾರ ಮನೆ ಬಿಡುತ್ತೀರಿ, ಭಾನುವಾರ ಮಧ್ಯಾಹ್ನ ಪ್ಯಾರಿಸ್ ತಲುಪುತ್ತೀರಿ. ಎರಡನೇ ವಾರದ ಶುಕ್ರವಾರ ವಾಪಸು ವಿಮಾನ, ಶನಿವಾರ ಬೆಂಗಳೂರು, ಮರುದಿನ ಭಾನುವಾರ ಮನೆಯಲ್ಲಿ ವಿಶ್ರಾಂತಿ. ಈ ಭಾನುವಾರವನ್ನೂ ಅಲ್ಲೇ ಕಳೆಯುವ ಆಸೆಗೆ ಬೀಳಬೇಡಿ. ವಿಮಾನ ಆರು ತಾಸು ತಡವಾದರೂ ಸೋಮವಾರದ ಕೆಲಸ ಕೆಡುತ್ತದೆ. 16 ದಿನದಲ್ಲಿ ಹೊರದೇಶದ ಹಾಸಿಗೆಯಲ್ಲಿ ಮಲಗುವ ರಾತ್ರಿ 12. ಮುಂದಿನ ಹಂಚಿಕೆಯೆಲ್ಲ ಈ ಹನ್ನೆರಡರ ಒಳಗೇ.

ಲೆಕ್ಕ

ಎದ್ದ ಊರಲ್ಲೇ ಮಲಗುವ ದಿನವನ್ನು ಪೂರ್ತಿ ದಿನ ಎನ್ನೋಣ. ಒಂದು ಊರಲ್ಲಿ 4 ರಾತ್ರಿ ಇದ್ದರೆ ಸಿಗುವ ಪೂರ್ತಿ ದಿನ 3. ಹಾಗಾಗಿ:

ಒಟ್ಟು ರಾತ್ರಿ − ಉಳಿಯುವ ಊರುಗಳ ಸಂಖ್ಯೆ = ಪೂರ್ತಿ ದಿನಗಳು.

12 ರಾತ್ರಿಗೆ 3 ಊರಾದರೆ 9 ದಿನ, 5 ಊರಾದರೆ 7, 7 ಊರಾದರೆ 5. ನಾಲ್ಕು ಊರು ಹೆಚ್ಚು ಸೇರಿಸಿದ್ದಕ್ಕೆ ನಾಲ್ಕು ದಿನ ಹೋಯಿತು, ಮತ್ತು ಉಳಿದ ಐದು ದಿನವನ್ನು ಏಳು ಊರಿಗೆ ಹಂಚಬೇಕು. ಒಂದೇ ರಾತ್ರಿ ಉಳಿಯುವ ಊರಿನಲ್ಲಿ ಸಿಗುವುದು ಸೊನ್ನೆ. ಹಂಚಿಕೆ ಎಲ್ಲಿ ಸೋರುತ್ತಿದೆ ಎಂದು ಹುಡುಕುವವರು ಮೊದಲು ನೋಡಬೇಕಾದದ್ದು ಈ ಒಂದು ರಾತ್ರಿಯ ಊರುಗಳನ್ನು.

ಊರು ಬದಲಿಸುವ ದಿನ ಯಾಕಿಷ್ಟು ದುಬಾರಿ ಎಂದರೆ, ಹೋಟೆಲ್ ಖಾಲಿ ಮಾಡುವ ಹೊತ್ತು ಹತ್ತು-ಹನ್ನೊಂದು, ಮುಂದಿನ ಹೋಟೆಲ್ ರೂಮು ಕೊಡುವ ಹೊತ್ತು ಮಧ್ಯಾಹ್ನ ಮೂರು. ನಡುವಿನ ಹೊತ್ತೆಲ್ಲ ಸಾಮಾನಿನ ಜೊತೆ ಕಳೆಯುತ್ತದೆ. ವೇಳಾಪಟ್ಟಿಯಲ್ಲಿ ಕಾಣುವ ಗಂಟೆ ಪೂರ್ತಿ ಗಂಟೆಯೂ ಅಲ್ಲ. ರೈಲಾದರೆ ಅದಕ್ಕೆ ಎರಡು ಗಂಟೆ ಸೇರಿಸಿ. ವಿಮಾನವಾದರೆ ನಾಲ್ಕರಿಂದ ಐದು. ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡಿನ ಜೂರಿಕ್‌ಗೆ ವಿಮಾನ ಒಂದೂಕಾಲು ಗಂಟೆ, ವೇಗದ ರೈಲು ನಾಲ್ಕು ಗಂಟೆ. ಮನೆಬಾಗಿಲಿಂದ ಮನೆಬಾಗಿಲಿಗೆ ಎಣಿಸಿದರೆ ಎರಡೂ ಆರು ಗಂಟೆಯ ಆಸುಪಾಸು. ರೈಲಿನಲ್ಲಾದರೆ ಊರಿನ ನಡುವೆ ಹತ್ತಿ ಊರಿನ ನಡುವೆ ಇಳಿಯುತ್ತೀರಿ, ಸೂಟ್‌ಕೇಸ್ ತೂಗುವವರಿಲ್ಲ, ಕಿಟಕಿಯಾಚೆ ದೇಶವನ್ನೂ ನೋಡುತ್ತೀರಿ. ನಾಲ್ಕು-ಐದು ಗಂಟೆಯೊಳಗಿನ ದಾರಿಗೆ ರೈಲೇ ಸರಿ. ದಾರಿ ಐದು ಗಂಟೆ ಮೀರಿದರೆ ಆ ದಿನವನ್ನು ಅರ್ಧ ಎಂದಲ್ಲ, ಪೂರ್ತಿ ಹೋಯಿತೆಂದೇ ಬರೆದುಕೊಳ್ಳಿ.

ಆಸೆಯ ಪಟ್ಟಿ, ಆಮೇಲೆ ಕತ್ತರಿ

ಮನೆಯ ಪ್ರತಿಯೊಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಎರಡೆರಡು ಜಾಗ ಬರೆಯಲಿ. ಊರಿನ ಹೆಸರಲ್ಲ, ನೋಡಬೇಕಾದ ವಸ್ತು. ಅಮ್ಮನಿಗೆ ಹಿಮ, ಮಗಳಿಗೆ ಐಫೆಲ್ ಗೋಪುರ, ಅಪ್ಪನಿಗೆ ರೋಮ್‌ನ ಕೊಲೋಸಿಯಂ ಎಂದಾದರೆ ಮೂರು ಊರು ತಾವಾಗಿಯೇ ಗಟ್ಟಿಯಾದವು. ಯಾರ ಚೀಟಿಯಲ್ಲೂ ಇಲ್ಲದ ಊರು "ದಾರಿಯಲ್ಲೇ ಇದೆಯಲ್ಲ" ಎಂಬ ಒಂದೇ ಕಾರಣಕ್ಕೆ ನುಸುಳಿದ್ದರೆ ತೆಗೆದುಹಾಕಿ. ಎರಡು ಊರಿಗೆ ಆಸೆಯಿದ್ದು ಅವುಗಳ ನಡುವೆ ರೈಲು ಎರಡು ಗಂಟೆಯೊಳಗಿದ್ದರೆ ಒಂದರಲ್ಲಿ ಬಿಡಾರ ಹೂಡಿ, ಇನ್ನೊಂದಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ರೋಮ್‌ನಿಂದ ಇಟಲಿಯದೇ ಇನ್ನೊಂದು ಊರು ಫ್ಲಾರೆನ್ಸ್‌ಗೆ ಒಂದೂವರೆ ಗಂಟೆ. ಸೂಟ್‌ಕೇಸ್ ರೋಮ್‌ನಲ್ಲೇ ಇರುತ್ತದೆ, ಕೈಯಲ್ಲಿ ನೀರಿನ ಬಾಟಲಿ ಮಾತ್ರ.

ಮೂರು ಊರನ್ನು ಒಂದೇ ಗೆರೆಯಲ್ಲಿ ಜೋಡಿಸಿ, ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಯಲ್ಲಿ ವಿಮಾನ ಹತ್ತಿ. ಟಿಕೆಟ್ ಹುಡುಕುವಾಗ ಹೋಗಿಬರುವ ಟಿಕೆಟ್ ಒತ್ತುವ ಬದಲು ಮಲ್ಟಿ-ಸಿಟಿ ಎಂಬುದನ್ನು ಒತ್ತಿ, ಹೋಗುವಾಗ ಬೆಂಗಳೂರು–ಪ್ಯಾರಿಸ್, ಬರುವಾಗ ರೋಮ್–ಬೆಂಗಳೂರು ಎಂದು ಕೊಡಿ. ಇದನ್ನು ಮರೆತು ಪ್ಯಾರಿಸ್‌ಗೇ ಹೋಗಿಬರುವ ಟಿಕೆಟ್ ಕೊಂಡವರು ಕೊನೆಗೆ ರೋಮ್‌ನಿಂದ ಪ್ಯಾರಿಸ್‌ಗೆ ವಾಪಸು ಓಡಬೇಕು. ಒಂದು ದಿನವೂ ಹೋಯಿತು, ಆ ಟಿಕೆಟ್‌ನ ದುಡ್ಡೂ ಹೋಯಿತು. ಎಲ್ಲಿಂದ ವಾಪಸು ಹೊರಡುತ್ತೀರೋ ಅದೇ ಊರಿನಲ್ಲಿ ಹಿಂದಿನ ರಾತ್ರಿ ಮಲಗಿರಬೇಕು. ವಿಮಾನದ ದಿನವೇ ಬೇರೆ ಊರಿಂದ ರೈಲು ಹಿಡಿದು ಬರುವ ಯೋಜನೆ ಹಾಕಬೇಡಿ. ಇಟಲಿ, ಫ್ರಾನ್ಸ್‌ಗಳಲ್ಲಿ ರೈಲ್ವೆ ಮುಷ್ಕರ ಆಗಾಗ ಬರುತ್ತದೆ.

ಒಂದು ತಪ್ಪು ಹಂಚಿಕೆ, ಅದರ ತಿದ್ದುಪಡಿ

ಮೊದಲ ಯತ್ನದಲ್ಲಿ ಹೆಚ್ಚಿನವರು ಬರೆಯುವುದು ಹೀಗೆ: ಪ್ಯಾರಿಸ್ 4 ರಾತ್ರಿ, ಸ್ವಿಟ್ಜರ್ಲೆಂಡಿನ ಲ್ಯೂಸರ್ನ್ 3, ಫ್ಲಾರೆನ್ಸ್ 2, ರೋಮ್ 3. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಇದಕ್ಕೆ ವಾರ ಸೇರಿಸಿ ನೋಡಿ. ಭಾನುವಾರ ಪ್ಯಾರಿಸ್, ಗುರುವಾರ ಲ್ಯೂಸರ್ನ್, ಮುಂದಿನ ಭಾನುವಾರ ಫ್ಲಾರೆನ್ಸ್. ಲ್ಯೂಸರ್ನ್‌ನಿಂದ ಮಿಲಾನ್ ಮೇಲೆ ಫ್ಲಾರೆನ್ಸ್‌ಗೆ ಆರು ಗಂಟೆಯ ಹತ್ತಿರ, ಆ ಭಾನುವಾರ ಮುಗಿಯಿತು. ಫ್ಲಾರೆನ್ಸ್‌ನಲ್ಲಿ ಉಳಿಯುವ ಒಂದೇ ಪೂರ್ತಿ ದಿನ ಸೋಮವಾರ. ಅಲ್ಲಿನ ಉಫಿಜಿ ಕಲಾ ಗ್ಯಾಲರಿಗೂ, ಮೈಕೆಲ್ಯಾಂಜಲೊನ ದಾವೀದನ ಶಿಲ್ಪವಿರುವ ಅಕಾಡೆಮಿಯಾಕ್ಕೂ ಸೋಮವಾರವೇ ರಜೆ! ಸಾವಿರಾರು ಕಿಲೋಮೀಟರ್ ಹೋಗಿ ಬಾಗಿಲು ನೋಡಿ ಬರಬೇಕು.

ಆದ್ದರಿಂದ ರಾತ್ರಿ ಹಂಚಿದ ಕೂಡಲೇ ಪ್ರತಿ ದಿನದ ಎದುರು ವಾರ ಬರೆಯಿರಿ, ಪ್ರತಿ ಜಾಗದ ಎದುರು ಅದರ ರಜೆಯ ವಾರ ಬರೆಯಿರಿ. ಲೂವ್ರ್‌ಗೆ ಮಂಗಳವಾರ ರಜೆ. ವರ್ಸೇಲ್ಸ್ ಅರಮನೆಗೂ ಓರ್ಸೆ ಮ್ಯೂಸಿಯಂಗೂ ಸೋಮವಾರ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ (ತಿಂಗಳ ಕೊನೆಯ ಭಾನುವಾರ ಬಿಟ್ಟು). ಬುಧವಾರ ಬೆಳಿಗ್ಗೆ ಪೋಪ್ ದರ್ಶನವಿದ್ದರೆ ಸೇಂಟ್ ಪೀಟರ್ಸ್ ಬೆಸಿಲಿಕಾದೊಳಗೆ ಮಧ್ಯಾಹ್ನದವರೆಗೆ ಬಿಡುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ಸ್ಟೇಷನ್ನುಗಳೊಳಗಿನ ಅಂಗಡಿ ಬಿಟ್ಟರೆ ಹಾಲು-ಹಣ್ಣೂ ಸಿಗುವುದು ಕಷ್ಟ. ಆದರೆ ಬೆಟ್ಟದ ರೈಲು, ದೋಣಿ ಎಲ್ಲ ಓಡುತ್ತವೆ.

ಈ ಎಲ್ಲವನ್ನೂ ಎದುರಿಗಿಟ್ಟುಕೊಂಡು ತಿದ್ದಿದರೆ ಪಟ್ಟಿ ಹೀಗಾಗುತ್ತದೆ:

ಭಾನುವಾರ – ಪ್ಯಾರಿಸ್ ತಲುಪುವುದು, ನದಿದಂಡೆಯಲ್ಲಿ ಒಂದು ಸುತ್ತು, ನಿದ್ದೆ.
ಸೋಮವಾರ – ಬೆಳಿಗ್ಗೆಯೇ ಲೂವ್ರ್. ಸಂಜೆ ಬಿಡುವು.
ಮಂಗಳವಾರ – ವರ್ಸೇಲ್ಸ್.
ಬುಧವಾರ – ಐಫೆಲ್ ಗೋಪುರ, ಓರ್ಸೆ.
ಗುರುವಾರ – ರೈಲಿನಲ್ಲಿ ಲ್ಯೂಸರ್ನ್.
ಶುಕ್ರ, ಶನಿ, ಭಾನುವಾರ – ಎರಡು ದಿನ ಬೆಟ್ಟಕ್ಕೆ, ಒಂದು ದಿನ ಊರು ಮತ್ತು ಸರೋವರಕ್ಕೆ. ಯಾವುದು ಯಾವತ್ತು ಎಂದು ಹವಾಮಾನ ಹೇಳುತ್ತದೆ.
ಸೋಮವಾರ – ಮಿಲಾನ್ ಮೇಲೆ ರೋಮ್. ಏಳು ಗಂಟೆ ದಾರಿ, ಪೂರ್ತಿ ದಿನ ಹೋಯಿತು.
ಮಂಗಳವಾರ – ಕೊಲೋಸಿಯಂ ಮತ್ತು ಪಕ್ಕದ ಫೋರಂ (ಪುರಾತನ ರೋಮ್‌ನ ಅವಶೇಷಗಳು).
ಬುಧವಾರ – ಫ್ಲಾರೆನ್ಸ್‌ಗೆ ಹೋಗಿ ಬರುವುದು.
ಗುರುವಾರ – ವ್ಯಾಟಿಕನ್.
ಶುಕ್ರವಾರ – ವಿಮಾನ.

ನಾಲ್ಕು, ನಾಲ್ಕು, ನಾಲ್ಕು ರಾತ್ರಿ, ಮೂರು ಬಿಡಾರ, 9 ಪೂರ್ತಿ ದಿನ. ಫ್ಲಾರೆನ್ಸ್ ತಪ್ಪಲೂ ಇಲ್ಲ. ಮ್ಯೂಸಿಯಂಗಳಿಗೆ ರಜೆಯಿರುವ ಸೋಮವಾರ ರೈಲಿಗೆ ಹೋಯಿತು, ಪೋಪ್ ದರ್ಶನದ ಬುಧವಾರ ರೋಮ್‌ನಿಂದ ಹೊರಗಿದ್ದೀರಿ, ಸ್ವಿಸ್ ಭಾನುವಾರ ಬೆಟ್ಟಕ್ಕೋ ಸರೋವರಕ್ಕೋ ಸಿಕ್ಕಿತು.

ಬೆಟ್ಟಕ್ಕೆ ದಿನ ಕಟ್ಟಿಹಾಕಬೇಡಿ

ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ಹೋಗಿ ಮೋಡ ನೋಡಿ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್ ಆಗಲಿ, ಲ್ಯೂಸರ್ನ್ ಹತ್ತಿರದ ಟಿಟ್ಲಿಸ್, ಪಿಲಾಟಸ್ ಆಗಲಿ, ಮೋಡ ಕವಿದ ದಿನ ಹತ್ತಿದರೆ ಬಿಳಿ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಟಿಕೆಟ್ ಮಾತ್ರ ಅಷ್ಟೇ ದುಬಾರಿ. ಆದ್ದರಿಂದ ಬೆಟ್ಟದ ಊರಿಗೆ ಕನಿಷ್ಠ 3 ಪೂರ್ತಿ ದಿನ ಕೊಡಿ, ಟಿಕೆಟ್ ತಿಂಗಳ ಮೊದಲೇ ಕೊಳ್ಳಬೇಡಿ, ತುದಿಯ ಕ್ಯಾಮೆರಾ ಚಿತ್ರವನ್ನು ಆಯಾ ಬೆಟ್ಟದ ಜಾಲತಾಣದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನೋಡಿ. ಮೊದಲ ಬಿಸಿಲಿನ ದಿನವೇ ಹೊರಡಿ, "ನಾಳೆ ನೋಡೋಣ" ಎನ್ನಬೇಡಿ. ಕೆಳಗೆ ಮಳೆ ಬಂದರೆ ಆ ದಿನಕ್ಕೆ ಊರಿನ ಹಳೆಯ ಮರದ ಸೇತುವೆ, ಮ್ಯೂಸಿಯಂ ಇದ್ದೇ ಇವೆ. ಯುಂಗ್‌ಫ್ರಾವ್‌ಯೋಖ್‌ಗೆ ಲ್ಯೂಸರ್ನ್‌ನಿಂದ ಹೋಗಿಬರಲು ಇಡೀ ದಿನ ಬೇಕು; ಅದೇ ಮುಖ್ಯವಾದರೆ ಬಿಡಾರವನ್ನು ಅದಕ್ಕೆ ಹತ್ತಿರದ ಇಂಟರ್‌ಲಾಕನ್‌ಗೆ ಬದಲಿಸಿ. ಹಿರಿಯರಿಗೆ ಉಸಿರಿನ ಅಥವಾ ಹೃದಯದ ತೊಂದರೆಯಿದ್ದರೆ ಈ ಎತ್ತರದ ಬಗ್ಗೆ ಮೊದಲೇ ವೈದ್ಯರನ್ನು ಕೇಳಿ. 2,100 ಮೀಟರಿನ ಪಿಲಾಟಸ್ ಅವರಿಗೆ ಹಗುರ.

ತದ್ವಿರುದ್ಧವಾಗಿ, ಮೊದಲೇ ಕಟ್ಟಿಹಾಕಲೇಬೇಕಾದವೂ ಇವೆ. ಐಫೆಲ್ ಗೋಪುರದ ಲಿಫ್ಟ್ ಟಿಕೆಟ್ ಸುಮಾರು 60 ದಿನ ಮೊದಲು, ಕೊಲೋಸಿಯಂ ಟಿಕೆಟ್ 30 ದಿನ ಮೊದಲು ಬಿಡುಗಡೆಯಾಗುತ್ತದೆ. ಆ ದಿನವೇ ಕೂತು ಕೊಳ್ಳಿ. ಒಂದು ದಿನಕ್ಕೆ ಸಮಯ ಗೊತ್ತುಮಾಡಿದ ಟಿಕೆಟ್ ಎರಡಕ್ಕಿಂತ ಹೆಚ್ಚು ಬೇಡ. ಮೊದಲನೆಯದು ತಡವಾದರೆ ಎರಡನೆಯದೂ ಕೈತಪ್ಪುತ್ತದೆ.

ಬೇಸಿಗೆಯ ಸಮಯ ಲೆಕ್ಕದಲ್ಲಿ ಪ್ಯಾರಿಸ್, ಲ್ಯೂಸರ್ನ್, ರೋಮ್ ಮೂರೂ ನಮಗಿಂತ ಮೂರೂವರೆ ಗಂಟೆ ಹಿಂದೆ. ಮೊದಲ ಎರಡು ದಿನ ನಸುಕಿನ ನಾಲ್ಕಕ್ಕೇ ಎಚ್ಚರವಾಗುತ್ತದೆ, ರಾತ್ರಿ ಎಂಟಕ್ಕೆ ಕಣ್ಣು ಎಳೆಯುತ್ತದೆ. ಇದನ್ನೇ ಉಪಯೋಗಿಸಿಕೊಳ್ಳಿ: ಮೊದಲ ದಿನಗಳಿಗೆ ಮ್ಯೂಸಿಯಂನ ಬೆಳಗಿನ ಮೊದಲ ಸರದಿ, ಸಂಜೆಯ ದೋಣಿವಿಹಾರ ಮೂರನೇ ದಿನಕ್ಕೆ.

ರಾತ್ರಿಯ ಲೆಕ್ಕವೇ ವೀಸಾದ ಲೆಕ್ಕ

ಷೆಂಗೆನ್ ವೀಸಾಕ್ಕೆ (ಯೂರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎಂಬುದೂ ಈ ಹಂಚಿಕೆಯ ಮೇಲೇ ನಿಂತಿದೆ. ಎಲ್ಲಿ ಹೆಚ್ಚು ದಿನವೋ ಆ ದೇಶಕ್ಕೆ. ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಮೇಲಿನ 4-4-4 ಹಂಚಿಕೆಗೆ ಫ್ರಾನ್ಸ್. ತಿದ್ದುವ ಮೊದಲಿನ ಹಂಚಿಕೆಯಲ್ಲಿ ಇಟಲಿಗೆ 5 ರಾತ್ರಿಯಿತ್ತು, ಅದಕ್ಕೆ ಇಟಲಿ. ಹಾಗಾಗಿ ರಾತ್ರಿಗಳು ಗಟ್ಟಿಯಾಗುವ ತನಕ ಅರ್ಜಿ ಬೇಡ, ಅರ್ಜಿ ಹಾಕಿದ ಮೇಲೆ ಹಂಚಿಕೆ ಬದಲಿಸುವುದು ಬೇಡ. ವೀಸಾ ಬೇಗ ಸಿಗುತ್ತದೆಂದು ಸುಳ್ಳು ಹೋಟೆಲ್ ಬುಕಿಂಗ್ ಇಟ್ಟು ಬೇರೆ ದೇಶಕ್ಕೆ ಅರ್ಜಿ ಹಾಕುವ ದಾರಿಯನ್ನು ಯಾರು ಹೇಳಿಕೊಟ್ಟರೂ ಹಿಡಿಯಬೇಡಿ. ಸಿಕ್ಕಿಬಿದ್ದರೆ ಮುಂದಿನ ವೀಸಾಗಳಿಗೂ ಕುತ್ತು.

ಅರ್ಜಿಯನ್ನು ಹೊರಡುವ 6 ತಿಂಗಳ ಮೊದಲಿಂದ ಹಾಕಬಹುದು, ಕಡೇಪಕ್ಷ 15 ದಿನ ಮೊದಲು ಹಾಕಿರಬೇಕು. ಬೇಸಿಗೆ ರಜೆಗೆ ಎಲ್ಲರೂ ಒಟ್ಟಿಗೆ ಮುಗಿಬೀಳುವುದರಿಂದ ಏಪ್ರಿಲ್ ಪ್ರವಾಸಕ್ಕೆ ಜನವರಿಯಲ್ಲೇ ಬೆರಳಚ್ಚಿನ ದಿನ ಗೊತ್ತುಮಾಡಿಕೊಳ್ಳಿ. ಅಂದರೆ ಕೊಯ್ಲಿನ ನಡುವೆಯೇ ಕುಟುಂಬಕ್ಕೆ ಬೆಂಗಳೂರಿಗೆ ಒಂದು ದಿನದ ಓಡಾಟವಿದೆ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸು ಹೊರಡುವ ದಿನದಿಂದ ಮುಂದಕ್ಕೆ 3 ತಿಂಗಳು ಚಾಲ್ತಿಯಲ್ಲಿರಬೇಕು. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋಗಳದ್ದು. ವೀಸಾ ಕೈಗೆ ಬರುವ ತನಕ ರದ್ದು ಮಾಡಿದರೆ ದುಡ್ಡು ವಾಪಸು ಬರುವಂಥ ರೂಮುಗಳನ್ನೇ ಹಿಡಿಯಿರಿ.

2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಮುಖಚಿತ್ರ, ಬೆರಳಚ್ಚು ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ಇಳಿದ ದಿನದ ಸಾಲು ಉದ್ದವಿರಬಹುದು, ಹಾಗಾಗಿ ಆ ಸಂಜೆಗೆ ಯಾವ ಟಿಕೆಟೂ ಬೇಡ.

ರಜೆ ಒಂಬತ್ತೇ ದಿನವಿದ್ದರೆ

ಆಗ ಯೂರೋಪನ್ನು ಬಿಟ್ಟು ಆಗ್ನೇಯ ಏಷ್ಯಾ ನೋಡಿ. 7 ರಾತ್ರಿ ಸಿಗುತ್ತದೆ, ಎರಡು ಊರಿಗೆ ಹಂಚಿದರೆ 5 ಪೂರ್ತಿ ದಿನ. ವಿಯೆಟ್ನಾಂನಲ್ಲಾದರೆ ಹನೋಯ್ 4, ಹೋಯ್ ಆನ್ 3. ಹನೋಯ್‌ನಿಂದ ಹೋಯ್ ಆನ್ ಪಕ್ಕದ ದಾ ನಾಂಗ್‌ಗೆ ರೈಲು ಹದಿನಾರು ಗಂಟೆಯ ಸುಮಾರು, ವಿಮಾನ ಒಂದೂವರೆ ಗಂಟೆಯೊಳಗೆ. ಇಲ್ಲಿ ವಿಮಾನವೇ ಸರಿ. ಹನೋಯ್ ಕಡೆಯ ಹಾಲೋಂಗ್ ಕೊಲ್ಲಿಯ ದೋಣಿಯಲ್ಲಿ ರಾತ್ರಿ ಮಲಗುವ ಪ್ರವಾಸ ಎಲ್ಲರಿಗೂ ಆಸೆ. ಮಧ್ಯಾಹ್ನ ಹತ್ತಿಸಿ ಮರುದಿನ ಬೆಳಿಗ್ಗೆ ಇಳಿಸುವ ಆ ದೋಣಿಯೂ ಒಂದು ಊರೇ ಎಂದು ಲೆಕ್ಕಕ್ಕೆ ಹಿಡಿಯಿರಿ. ಅದನ್ನು ಸೇರಿಸಿದರೆ ಪೂರ್ತಿ ದಿನ ನಾಲ್ಕಕ್ಕಿಳಿಯುತ್ತದೆ. ಆಸೆ ಗಟ್ಟಿಯಾಗಿದ್ದರೆ ಕೊಡಬಹುದಾದ ಬೆಲೆ ಅದು. ಜೊತೆಗೆ ಮೂರನೇ ಊರು, ಪಕ್ಕದ ಕಾಂಬೋಡಿಯ ಎಂದು ಹಿಗ್ಗಿಸಬೇಡಿ.

ಊಟಕ್ಕೆ ಹೋಗುವ ಹೊತ್ತು

ಸಸ್ಯಾಹಾರಿ ಕುಟುಂಬಗಳ ಹಂಚಿಕೆ ಕೆಡುವುದು ಹೆಚ್ಚಾಗಿ ಮಧ್ಯಾಹ್ನ ಒಂದರಿಂದ ಮೂರರ ನಡುವೆ, ಹೋಟೆಲ್ ಹುಡುಕುತ್ತ. ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದರೆ ಬೆಳಿಗ್ಗೆ ಅವಲಕ್ಕಿಯೋ ಉಪ್ಪಿಟ್ಟೋ ಮಾಡಿಕೊಂಡು, ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಹೊರಡಬಹುದು. ದಿನಕ್ಕೆ ಒಂದೂವರೆ ಗಂಟೆಯಾದರೂ ಉಳಿಯುತ್ತದೆ. ನಾಲ್ಕು ರಾತ್ರಿಯ ಬಿಡಾರಕ್ಕೆ ಇದು ಕೂಡಿಬರುತ್ತದೆ, ಒಂದು ರಾತ್ರಿಯದಕ್ಕೆ ಬರುವುದಿಲ್ಲ. ಚಟ್ನಿಪುಡಿ, ಹಪ್ಪಳ ಒಯ್ಯಿರಿ. ಉಪ್ಪಿನಕಾಯಿ ದೊಡ್ಡ ಸೂಟ್‌ಕೇಸಿನಲ್ಲಿರಲಿ. ತುಪ್ಪ, ಪೇಡೆಯಂಥ ಹಾಲಿನ ಪದಾರ್ಥಗಳನ್ನು ಹೊರಗಿನಿಂದ ತರಲು ಐರೋಪ್ಯ ಒಕ್ಕೂಟದಲ್ಲಿ ಬಿಡುವುದಿಲ್ಲ.

ವಾಪಸು ಬರುವ ರಾತ್ರಿ

ಶುಕ್ರವಾರ ಮಧ್ಯಾಹ್ನ ರೋಮ್ ಬಿಟ್ಟರೆ ಬೆಂಗಳೂರಿನಲ್ಲಿ ಇಳಿಯುವುದು ಶನಿವಾರ ನಸುಕಿಗೋ ಬೆಳಿಗ್ಗೆಗೋ. ನಿಲ್ದಾಣದಲ್ಲೇ ಬಿಟ್ಟುಹೋದ ಸ್ವಂತ ಕಾರನ್ನು ಹತ್ತಿ 300 ಕಿಲೋಮೀಟರ್ ಓಡಿಸಿಕೊಂಡು ಬರುವುದು ಬೇಡವೇ ಬೇಡ. ರಾತ್ರಿಯಿಡೀ ನಿದ್ದೆಗೆಟ್ಟ ಕಣ್ಣು ಅರಸೀಕೆರೆ ದಾಟುವಷ್ಟರಲ್ಲಿ ಮುಚ್ಚುತ್ತದೆ. ಮಧ್ಯಾಹ್ನದವರೆಗೆ ಮಲಗಿ ಸಂಜೆಯ ರೈಲು ಹಿಡಿಯಿರಿ. ಊರಿನಿಂದಲೇ ಗಾಡಿ ತರಿಸುವುದಾದರೆ ಡ್ರೈವರ್ ರಾತ್ರಿಯಿಡೀ ಓಡಿಸಿಕೊಂಡು ಬಂದು ತಕ್ಷಣ ತಿರುಗುವಂತೆ ಮಾಡಬೇಡಿ. ಹಿಂದಿನ ಸಂಜೆಯೇ ಅವರನ್ನು ಬರಹೇಳಿ, ದೇವನಹಳ್ಳಿಯಲ್ಲಿ ಮಲಗಲು ಅವರಿಗೊಂದು ರೂಮು ಹಿಡಿದಿಡಿ.